ನಾಟಕಕಾರ ಶ್ರೀರಂಗರು

ನಾಟಕವೆಂದರೆ ಬಣ್ಣದ ಪರದೆ, ಕಿರೀಟ, ಭುಜಕೀರ್ತಿ, ಇರುಳೆಲ್ಲ ಸಾಗುವ ರಂಗಗೀತೆಗಳು ಎಂದು ಜನರು ತಿಳಿದಿದ್ದ ಕಾಲವೊಂದಿತ್ತು. ಅದರ ವೈಭವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ರಂಗಭೂಮಿಯ ಮೇಲೆ ನಮ್ಮ ನಿಮ್ಮಂತಹ ಸಾಮಾನ್ಯರನ್ನು ನಿಲ್ಲಿಸಿ, ಮನೆಯ ಮಾತನ್ನೇ ಆಡಿಸಿ, ಪ್ರೇಕ್ಷಕರನ್ನು ವಿಚಾರಕ್ಕೆ ಹಚ್ಚಿದವರಲ್ಲಿ ಇಬ್ಬರು ಅಗ್ರಗಣ್ಯರು: ಮೈಸೂರು ಸೀಮೆಯಲ್ಲಿ ಟಿ. ಪಿ. ಕೈಲಾಸಂ, ಧಾರವಾಡ ಸೀಮೆಯಲ್ಲಿ ಶ್ರೀರಂಗ.

ಶ್ರೀರಂಗ ಎಂಬುದು ಕಾವ್ಯನಾಮ. ಅವರ ಹೆಸರು ಆದ್ಯ ರಂಗಾಚಾರ್ಯ. ಮೊದಲಿನ ದಿನಗಳಲ್ಲಿ ಆರ್. ವಿ. ಜಾಗೀರದಾರ ಎಂದೂ ಅವರು ಪರಿಚಿತರಾಗಿದ್ದರು. 1904ರ ಸೆಪ್ಟೆಂಬರ್ 26ರಂದು ವಿಜಾಪುರ ಜಿಲ್ಲೆಯ ಅಗರಖೇಡದಲ್ಲಿ ಅವರು ಜನಿಸಿದರು. ಅದು ಭೀಮಾ ನದಿಯ ಸೀಮೆ. ನದಿಯನ್ನು ದಾಟಿದರೆ ಸೊಲ್ಲಾಪುರ ಜಿಲ್ಲೆ. ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ನೆಲ. ಠಾಣೆ, ಕಲ್ಯಾಣ, ಡೊಂಬಿವಲಿಗಳಲ್ಲಿ ಬೆಳೆಯುವ ನಮಗೆ ಅಂತಹ ನೆರೆಹೊರೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ಉನ್ನತ ವ್ಯಾಸಂಗವನ್ನು ಮುಗಿಸಿ ಬಂದ ರಂಗಾಚಾರ್ಯರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾದರು. ಆಗ ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸಂಸ್ಕೃತ ನಾಟಕಗಳನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥವು 1947ರಲ್ಲಿ ಮುಂಬಯಿಯಲ್ಲಿಯೇ ಪ್ರಕಟವಾಯಿತು. ಭರತಮುನಿಯ ನಾಟ್ಯಶಾಸ್ತ್ರವನ್ನೂ ಅವರು ಇಂಗ್ಲಿಷಿಗೆ ಅನುವಾದಿಸಿದರು.

ಇಷ್ಟು ಪಾಂಡಿತ್ಯವುಳ್ಳವರು ಪ್ರಾಧ್ಯಾಪಕರ ಗೌರವದಲ್ಲಿಯೇ ನೆಮ್ಮದಿಯಾಗಿ ಇರಬಹುದಾಗಿತ್ತು. ಶ್ರೀರಂಗರು ಹಾಗೆ ಇರಲಿಲ್ಲ. ಆಚಾರ್ಯರ ಮನೆತನದಲ್ಲಿ ಹುಟ್ಟಿದ ಅವರು 1930ರ ದಶಕದಲ್ಲಿ 'ಹರಿಜನ್ವಾರ' ನಾಟಕವನ್ನು ಬರೆದು, ಅಸ್ಪೃಶ್ಯತೆಯನ್ನೂ ಮಡಿವಂತಿಕೆಯ ಸೋಗನ್ನೂ ರಂಗದ ಬೆಳಕಿಗೆ ತಂದರು. ಪರರ ದೋಷವನ್ನು ಆಡಿ ತೋರಿಸುವುದು ಸುಲಭ. ತಮ್ಮವರ ಎದುರಿಗೇ ಕನ್ನಡಿಯನ್ನು ಹಿಡಿಯಲು ಎದೆಗಾರಿಕೆ ಬೇಕು.

ಸ್ವಾತಂತ್ರ್ಯ ಬಂದ ಮೇಲೂ ಅವರ ಲೇಖನಿ ಮೊಂಡಾಗಲಿಲ್ಲ. ನಮ್ಮ ರಾಷ್ಟ್ರಧ್ವಜದ ನಡುವೆ ಅಶೋಕಚಕ್ರವಿದೆ. ಅದರ ಮೊದಲಿನ ಒಂದೇ ಅಕ್ಷರವನ್ನು ಬಿಟ್ಟು ಅವರು ತಮ್ಮ ನಾಟಕಕ್ಕೆ 'ಶೋಕಚಕ್ರ' ಎಂದು ಹೆಸರಿಟ್ಟರು. ದೇಶಸೇವೆಯ ಸ್ಥಾನವನ್ನು ಅಧಿಕಾರದಾಸೆ ಆಕ್ರಮಿಸಿದಾಗ ಉಂಟಾಗುವ ದುಃಖವೆಲ್ಲವೂ ಆ ಒಂದು ಅಕ್ಷರದ ಅಭಾವದಲ್ಲಿ ಅಡಗಿದೆ. ಮುಂದೆ 'ಕೇಳು ಜನಮೇಜಯ'ದಲ್ಲಿ ಅವರು ಸಂಕೇತದ ದಾರಿಯನ್ನು ಹಿಡಿದರು. ಮಹಾಭಾರತದ ಕಥೆಯನ್ನು ಕೇಳಿದ ಅರಸನೇ ಜನಮೇಜಯ. ಇಲ್ಲಿಯಾದರೋ ಕೇಳಬೇಕಾದವರು ಇಂದಿನ ಪ್ರಜೆಗಳಾದ ನಾವೇ. ಈ ನಾಟಕ ಹಿಂದಿಯಲ್ಲಿಯೂ ರಂಗವನ್ನೇರಿತು. 'ಕತ್ತಲೆ ಬೆಳಕು', 'ರಂಗಭಾರತ' ಅವರ ಇತರ ಹೆಸರಾಂತ ಕೃತಿಗಳು. ನಲವತ್ತಕ್ಕೂ ಹೆಚ್ಚು ನಾಟಕಗಳು, ಅನೇಕ ಏಕಾಂಕಗಳು, ಕಾದಂಬರಿಗಳು ಅವರ ಲೇಖನಿಯಿಂದ ಬಂದವು.

ಮನ್ನಣೆಯೂ ಅವರನ್ನು ಅರಸಿ ಬಂದಿತು. ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ನಾಟಕರಚನೆಗಾಗಿ 1967ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ, 'ಕಾಳಿದಾಸ' ಎಂಬ ವಿಮರ್ಶಾಗ್ರಂಥಕ್ಕಾಗಿ 1971ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ, 1972ರಲ್ಲಿ ಪದ್ಮಭೂಷಣವೂ ಲಭಿಸಿದವು. 1984ರ ಅಕ್ಟೋಬರ್ 17ರಂದು ಅವರು ದಿವಂಗತರಾದರು.

ವಿದ್ಯಾರ್ಥಿಮಿತ್ರರೇ, ಸಂಸ್ಕೃತದಲ್ಲಿಯೂ ಇಂಗ್ಲಿಷಿನಲ್ಲಿಯೂ ಪಾರಂಗತರಾಗಿದ್ದ ಈ ವಿದ್ವಾಂಸರು ತಮ್ಮ ಅಂತರಂಗವನ್ನು ತೋಡಿಕೊಳ್ಳಲು ಆರಿಸಿಕೊಂಡದ್ದು ಆಡುಮಾತಿನ ಕನ್ನಡವನ್ನು. ಮನೆಯಲ್ಲಿ ಆಡುವ ಕನ್ನಡ ಮನೆಗಷ್ಟೇ ಸಾಕು, ದೊಡ್ಡ ವಿಚಾರಕ್ಕೆ ಬೇರೊಂದು ಭಾಷೆ ಬೇಕು ಎಂಬ ಮಾತು ಈ ನಗರಗಳಲ್ಲಿ ನಮ್ಮ ಕಿವಿಗೆ ಆಗಾಗ ಬೀಳುತ್ತದೆ. ಶ್ರೀರಂಗರ ನಾಟಕಗಳೇ ಅದಕ್ಕೆ ಉತ್ತರ. ವಾರ್ಷಿಕೋತ್ಸವಕ್ಕೆ ನಾಟಕವನ್ನು ಆರಿಸುವಾಗ ಅವರ ಏಕಾಂಕವೊಂದನ್ನು ನಾವು ಕೈಗೆತ್ತಿಕೊಳ್ಳೋಣ. ರಂಗದ ಮೇಲೆ ಆಡಿದಾಗಲೇ ಆ ಮಾತಿಗೆ ಜೀವ.