ಜಲಜನಕದ ಜೋಡಿಯನ್ನು ಕಂಡ ಹಳ್ಳಿ ಮೇಷ್ಟ್ರು: ಹೆರಾಲ್ಡ್ ಯೂರಿ

ಪ್ರೋಟಿಯಂ, ಡ್ಯೂಟೀರಿಯಂ, ಟ್ರೀಷಿಯಂ. ಒಂಬತ್ತನೇ ತರಗತಿಯ ವಿಜ್ಞಾನ ಪಾಠದಲ್ಲಿ ಈ ಮೂರು ಹೆಸರುಗಳನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಬಹಳ ಮಂದಿ. ಪರೀಕ್ಷೆ ಮುಗಿದ ಮೇಲೆ ಅವನ್ನು ಮರೆತವರೂ ಅಷ್ಟೇ ಮಂದಿ. ನಡುವಿನ ಹೆಸರಾದ ಡ್ಯೂಟೀರಿಯಂ ಹಿಂದೆ ಒಬ್ಬ ಹಳ್ಳಿ ಶಾಲೆಯ ಮೇಷ್ಟ್ರ ಜೀವನವಿದೆ. ಅವರು ಕಂಡುಹಿಡಿದ ಆ ವಸ್ತು ಇಂದು ಪ್ರಯೋಗಾಲಯಗಳಲ್ಲಿ, ಶಿಲೀಂಧ್ರ ರೋಗದಿಂದ ನರಳುವವರ ರಕ್ತದಲ್ಲಿ ಔಷಧಿ ಎಷ್ಟಿದೆ ಎಂಬುದನ್ನು ಅಳೆಯಲು ನೆರವಾಗುತ್ತಿದೆ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಮೇಷ್ಟ್ರನ್ನು ನೆನೆಯುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆಯಲಾಗಿದೆ.

ಹೆರಾಲ್ಡ್ ಯೂರಿ ಅವರು 1893ರ ಏಪ್ರಿಲ್ 29ರಂದು ಅಮೆರಿಕದ ಇಂಡಿಯಾನಾ ರಾಜ್ಯದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆ ಶಾಲಾ ಶಿಕ್ಷಕರು, ಜೊತೆಗೆ ಚರ್ಚಿನಲ್ಲಿ ಬೋಧಕರು. ಮಗನಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಕಷ್ಟದಲ್ಲಿ ಬೆಳೆದ ಹುಡುಗ 1911ರಲ್ಲಿ ಪ್ರೌಢಶಾಲೆ ಮುಗಿಸಿದ. ಕಾಲೇಜಿಗೆ ಹೋಗಲು ಹಣವಿರಲಿಲ್ಲ. ಶಿಕ್ಷಕ ತರಬೇತಿಯ ಪ್ರಮಾಣಪತ್ರ ಪಡೆದು, ಮೊದಲು ಇಂಡಿಯಾನಾದಲ್ಲಿ, ಆಮೇಲೆ ಮೊಂಟಾನಾದಲ್ಲಿ, ಹಳ್ಳಿಯ ಪುಟ್ಟ ಶಾಲೆಗಳಲ್ಲಿ ಮೂರು ವರ್ಷ ಪಾಠ ಹೇಳಿದರು.

1914ರಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ, ಅವರು ಮೊಂಟಾನಾ ವಿಶ್ವವಿದ್ಯಾಲಯಕ್ಕೆ ಸೇರಿದರು. ಬಾಡಿಗೆ ಕೊಡಲು ಹಣ ಸಾಲದೆ ಗುಡಾರದಲ್ಲಿ ಮಲಗಿ ಓದಿದರು. ಬೇಸಿಗೆ ರಜೆಯಲ್ಲಿ ರೈಲು ಹಳಿ ಹಾಕುವ ಕೂಲಿ ಕೆಲಸ ಮಾಡಿದರು. 1917ರಲ್ಲಿ ಅವರು ಪಡೆದ ಪದವಿ ಪ್ರಾಣಿಶಾಸ್ತ್ರದ್ದು. ಆಗ ನಡೆಯುತ್ತಿದ್ದ ಮೊದಲ ಮಹಾಯುದ್ಧದ ಕಾಲದಲ್ಲಿ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ದುಡಿದದ್ದರಿಂದ ಅವರ ದಾರಿ ರಸಾಯನಶಾಸ್ತ್ರದ ಕಡೆಗೆ ತಿರುಗಿತು. ಬರ್ಕ್ಲಿಯಲ್ಲಿ ಗಿಲ್ಬರ್ಟ್ ಲೂಯಿಸ್ ಎಂಬ ಹೆಸರಾಂತ ಗುರುಗಳ ಬಳಿ 1923ರಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಕೋಪನ್‌ಹೇಗನ್ನಿನಲ್ಲಿ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಒಂದು ವರ್ಷ ಕಲಿತು ಬಂದರು. 1929ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕರಾದರು.

ಆ ಹೊತ್ತಿಗೆ ವಿಜ್ಞಾನಿಗಳಿಗೆ ಒಂದು ವಿಷಯ ತಿಳಿದಿತ್ತು. ಒಂದೇ ಧಾತುವಿನ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಗುಣದಲ್ಲಿ ಒಂದೇ ಆಗಿದ್ದು ತೂಕದಲ್ಲಿ ಮಾತ್ರ ಬೇರೆಯಾದ ಇಂಥವನ್ನು ಸಮಸ್ಥಾನಿ ಅಥವಾ ಐಸೋಟೋಪ್ ಎನ್ನುತ್ತೇವೆ. ಎಲ್ಲಕ್ಕಿಂತ ಹಗುರವಾದ ಜಲಜನಕಕ್ಕೂ ಇಂಥ ಜೋಡಿ ಇದೆಯೇ ಎಂಬುದು ಪ್ರಶ್ನೆ. ಜಲಜನಕದ ತೂಕವನ್ನು ಎರಡು ಬೇರೆ ವಿಧಾನಗಳಿಂದ ಅಳೆದಾಗ ಬಂದ ಉತ್ತರಗಳಲ್ಲಿ ಸಣ್ಣ ವ್ಯತ್ಯಾಸವಿತ್ತು. ಅದನ್ನು ನೋಡಿದ ಬರ್ಜ್ ಮತ್ತು ಮೆನ್ಜೆಲ್ ಎಂಬ ವಿಜ್ಞಾನಿಗಳು 1931ರಲ್ಲಿ, ಸುಮಾರು 4,500 ಜಲಜನಕ ಪರಮಾಣುಗಳಲ್ಲಿ ಒಂದು ಎರಡರಷ್ಟು ಭಾರದ್ದಿರಬೇಕು ಎಂದು ಲೆಕ್ಕ ಹಾಕಿದರು. ಇದನ್ನು ಓದಿದ ಯೂರಿ ಹುಡುಕಾಟಕ್ಕೆ ಇಳಿದರು.

ಜಲಜನಕದಲ್ಲಿ ವಿದ್ಯುತ್ ಹಾಯಿಸಿ ಆ ಬೆಳಕನ್ನು ಬಿಡಿಸಿ ನೋಡಿದರೆ ಬಣ್ಣದ ಗೆರೆಗಳು ಕಾಣುತ್ತವೆ. ಭಾರವಾದ ಜಲಜನಕವಿದ್ದರೆ ಪ್ರತಿ ಗೆರೆಯ ಪಕ್ಕದಲ್ಲೇ ಇನ್ನೊಂದು ಮಸುಕು ಗೆರೆ ಮೂಡಬೇಕು. ಎಲ್ಲಿ ಮೂಡಬೇಕು ಎಂಬುದನ್ನೂ ಲೆಕ್ಕ ಹಾಕಬಹುದು. ಯೂರಿ ಮತ್ತು ಅವರ ಸಹಾಯಕ ಜಾರ್ಜ್ ಮರ್ಫಿ ಸಾಮಾನ್ಯ ಜಲಜನಕದಿಂದಲೇ ಫೋಟೋ ತೆಗೆದರು. ಲೆಕ್ಕ ಹೇಳಿದ ಜಾಗದಲ್ಲೇ ಮಸುಕು ಗೆರೆ ಕಂಡಿತು. ಅಲ್ಲಿಗೆ ನಿಲ್ಲಿಸಿ ಪ್ರಕಟಿಸಿಬಿಡಬಹುದಿತ್ತು. ಆದರೆ ಉಪಕರಣದ ದೋಷದಿಂದಲೂ ಇಂಥ ಸುಳ್ಳು ಗೆರೆ ಮೂಡುವುದುಂಟು. ಭಾರದ ಜಲಜನಕವನ್ನು ಹೆಚ್ಚು ಮಾಡಿದಾಗ ಗೆರೆಯೂ ದಟ್ಟವಾದರೆ ಮಾತ್ರ ಅದು ನಿಜ ಎಂದು ಯೂರಿ ಕಾದರು.

ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ಫರ್ಡಿನೆಂಡ್ ಬ್ರಿಕ್‌ವೆಡ್ಡೆ ಅವರಿಗೆ ಈ ಕೆಲಸ ಒಪ್ಪಿಸಿದರು. ಹಾಲನ್ನು ಬತ್ತಿಸಿ ಖೋವಾ ಮಾಡುವ ಹಾಗೆ, ಅವರು ಹಲವು ಲೀಟರ್ ದ್ರವ ಜಲಜನಕವನ್ನು ಆವಿಯಾಗಲು ಬಿಟ್ಟು ತಳದಲ್ಲಿ ಉಳಿದ ಸ್ವಲ್ಪವನ್ನು ಕಳುಹಿಸಿದರು. ಹಗುರವಾದದ್ದು ಬೇಗ ಹಾರಿಹೋಗುತ್ತದೆ, ಭಾರದ್ದು ಉಳಿಯುತ್ತದೆ ಎಂಬುದು ಉಪಾಯ. ಮೊದಲ ಮಾದರಿಯಲ್ಲಿ ಏನೂ ಬದಲಾವಣೆ ಕಾಣಲಿಲ್ಲ. ಇನ್ನೂ ಕಡಿಮೆ ಉಷ್ಣತೆಯಲ್ಲಿ ಬತ್ತಿಸಿದ ಮಾದರಿಯಲ್ಲಿ ಗೆರೆ ಹಲವು ಪಟ್ಟು ದಟ್ಟವಾಗಿ ಕಂಡಿತು. 1931ರ ನವೆಂಬರ್ ಕೊನೆಯಲ್ಲಿ ಸಂಶಯ ತೀರಿತು. ಮರುವರ್ಷದ ಆರಂಭದಲ್ಲಿ ಮೂವರ ಹೆಸರಿನಲ್ಲೂ ಲೇಖನ ಅಚ್ಚಾಯಿತು. ಗ್ರೀಕ್ ಭಾಷೆಯಲ್ಲಿ ಎರಡನೆಯದು ಎಂಬ ಅರ್ಥದ ಪದದಿಂದ ಡ್ಯೂಟೀರಿಯಂ ಎಂಬ ಹೆಸರು ಬಂತು. ಈ ಕತೆಯಲ್ಲೊಂದು ಸೋಜಿಗವೂ ಇದೆ. ಹುಡುಕಾಟಕ್ಕೆ ಕಾರಣವಾದ ತೂಕದ ವ್ಯತ್ಯಾಸವೇ ತಪ್ಪು ಅಳತೆಯಿಂದ ಬಂದದ್ದೆಂದು ಮುಂದೆ ತಿಳಿಯಿತು. ನಿಸರ್ಗದಲ್ಲಿ ಡ್ಯೂಟೀರಿಯಂ ಇರುವುದು ಸುಮಾರು 6,400 ಪರಮಾಣುಗಳಲ್ಲಿ ಒಂದು ಮಾತ್ರ.

1934ರಲ್ಲಿ ಯೂರಿ ಅವರೊಬ್ಬರಿಗೇ ರಸಾಯನಶಾಸ್ತ್ರದ ನೊಬೆಲ್ ಬಂತು. ಮನೆಯಲ್ಲಿ ಹೆಂಡತಿಗೆ ಹೆರಿಗೆಯ ದಿನಗಳಾದ್ದರಿಂದ ಅವರು ಸ್ಟಾಕ್‌ಹೋಮಿನ ಸಮಾರಂಭಕ್ಕೆ ಹೋಗಲೇ ಇಲ್ಲ. ಬಹುಮಾನದ ಹಣದಲ್ಲಿ ಬ್ರಿಕ್‌ವೆಡ್ಡೆ ಮತ್ತು ಮರ್ಫಿ ಅವರಿಗೆ ಪಾಲು ಕೊಟ್ಟರು. ತಮಗೆ ಬಂದ ಇನ್ನೊಂದು ಸಂಶೋಧನಾ ಅನುದಾನದಲ್ಲಿ ಅರ್ಧವನ್ನು ಅದೇ ವಿಶ್ವವಿದ್ಯಾಲಯದ ಕಿರಿಯ ಭೌತವಿಜ್ಞಾನಿ ಇಸಿಡಾರ್ ರಾಬಿ ಅವರಿಗೆ ಕೊಟ್ಟರು. ರಾಬಿ ಅವರಿಗೂ 1944ರಲ್ಲಿ ನೊಬೆಲ್ ಬಂದದ್ದು ಎಲ್ಲರಿಗೂ ತಿಳಿದ ವಿಷಯ.

ಇನ್ನು ಡ್ಯೂಟೀರಿಯಂ ಅಳತೆಗೆ ಹೇಗೆ ಒದಗಿತು ಎಂಬುದನ್ನು ನೋಡೋಣ. ಯೂರಿ ಅವರ ಶಿಷ್ಯ ಡೇವಿಡ್ ರಿಟನ್‌ಬರ್ಗ್ ಹಾಗೂ ಜರ್ಮನಿಯಿಂದ ಹಿಟ್ಲರನ ಕಾಲದಲ್ಲಿ ವಲಸೆ ಬಂದ ರುಡಾಲ್ಫ್ ಶೋನ್‌ಹೈಮರ್ ಕೊಲಂಬಿಯಾದಲ್ಲಿ ಒಟ್ಟಾಗಿ ಕೆಲಸ ಮಾಡಿದರು. ಕೊಬ್ಬಿನ ಅಣುಗಳಲ್ಲಿ ಸಾಮಾನ್ಯ ಜಲಜನಕದ ಜಾಗಕ್ಕೆ ಡ್ಯೂಟೀರಿಯಂ ಕೂರಿಸಿ ಪ್ರಾಣಿಗಳಿಗೆ ತಿನ್ನಿಸಿ, ಅದು ಮೈಯಲ್ಲಿ ಎಲ್ಲಿಗೆ ಹೋಯಿತೆಂದು ಪತ್ತೆ ಹಚ್ಚಿದರು. 1940ರಲ್ಲಿ ರಿಟನ್‌ಬರ್ಗ್ ಮತ್ತು ಫಾಸ್ಟರ್, ಗುರುತು ಹಾಕಿದ ಅಣುವನ್ನು ಗೊತ್ತಿರುವ ಪ್ರಮಾಣದಲ್ಲಿ ಬೆರೆಸಿ ಗೊತ್ತಿಲ್ಲದ ಪ್ರಮಾಣವನ್ನು ಅಳೆಯುವ ವಿಧಾನವನ್ನು ಅಮೈನೋ ಆಮ್ಲಗಳಿಗೆ ಅನ್ವಯಿಸಿ ತೋರಿಸಿದರು. ಇಂದು ಪ್ರಯೋಗಾಲಯಗಳಲ್ಲಿ ಇಂಟರ್ನಲ್ ಸ್ಟ್ಯಾಂಡರ್ಡ್ ಎಂದು ಬಳಸುವ ಗುರುತಿನ ಅಣುಗಳು ಇದೇ ಲೆಕ್ಕದ ಮೇಲೆ ನಿಂತಿವೆ.

ಕುರಿ ಕಾಯುವವರಿಗೆ ಈ ಲೆಕ್ಕ ಸುಲಭವಾಗಿ ಅರ್ಥವಾದೀತು. ಒಂದು ಮಂದೆಯಲ್ಲಿ ಎಷ್ಟು ಕುರಿಗಳಿವೆಯೋ ಗೊತ್ತಿಲ್ಲ. ಅದೇ ಜಾತಿಯ 100 ಕುರಿಗಳ ಬೆನ್ನಿಗೆ ಕೆಂಪು ಬಣ್ಣ ಹಚ್ಚಿ ಮಂದೆಗೆ ಸೇರಿಸಿ ಕಾಡು ದಾಟಿಸುತ್ತೇವೆ. ದಾರಿಯಲ್ಲಿ ಕೆಲವು ತಪ್ಪಿಸಿಕೊಳ್ಳುತ್ತವೆ. ಆಚೆ ದಡದಲ್ಲಿ ಎಣಿಸಿದಾಗ ಕೆಂಪಿನವು 60, ಬಣ್ಣವಿಲ್ಲದವು 120. ಅಂದರೆ ಒಂದಕ್ಕೆ ಎರಡು. ಹಾಗಾದರೆ ಮೊದಲು ಮಂದೆಯಲ್ಲಿದ್ದದ್ದು 200. ದಾರಿಯಲ್ಲಿ ಇನ್ನಷ್ಟು ಕಳೆದು 30 ಮತ್ತು 60 ಮಾತ್ರ ಉಳಿದಿದ್ದರೂ ಉತ್ತರ ಅದೇ. ಆದರೆ ಗುರುತಿಗೆಂದು ಕುರಿಯ ಬದಲು ಮೇಕೆ ಸೇರಿಸಿದರೆ ಲೆಕ್ಕ ಕೆಡುತ್ತದೆ. ಮೇಕೆಯ ನಡೆ ಬೇರೆ. ಅದು ತಪ್ಪಿಸಿಕೊಳ್ಳುವ ರೀತಿಯೂ ಬೇರೆ.

ರಕ್ತ ಪರೀಕ್ಷೆಯಲ್ಲೂ ಹೀಗೆಯೇ. ವೊರಿಕೊನಜೋಲ್ ಎಂಬ ಶಿಲೀಂಧ್ರನಾಶಕ ಔಷಧಿಯನ್ನು ತೆಗೆದುಕೊಳ್ಳೋಣ. ಶ್ವಾಸಕೋಶಕ್ಕೆ ಇಳಿಯುವ ಆಸ್ಪರ್ಜಿಲಸ್ ಶಿಲೀಂಧ್ರಕ್ಕೆ ಇದನ್ನು ಕೊಡುತ್ತಾರೆ. ಇದನ್ನು ಕರಗಿಸುವ ಯಕೃತ್ತಿನ ಕಿಣ್ವ ಕೆಲವರಲ್ಲಿ ಚುರುಕು, ಕೆಲವರಲ್ಲಿ ಮಂದ. ಹಾಗಾಗಿ ಒಂದೇ ಪ್ರಮಾಣದ ಮಾತ್ರೆ ನುಂಗಿದ ಇಬ್ಬರ ರಕ್ತದಲ್ಲಿ ಔಷಧಿಯ ಮಟ್ಟ ಬಹಳ ಬೇರೆಯಾಗಬಹುದು. ಮುಂದಿನ ಮಾತ್ರೆಗೆ ಮುಂಚೆ ಒಂದು ಲೀಟರಿಗೆ ಸುಮಾರು 1ರಿಂದ 5.5 ಮಿಲಿಗ್ರಾಂ ನಡುವೆ ಇರುವಂತೆ ವೈದ್ಯರು ನೋಡಿಕೊಳ್ಳುತ್ತಾರೆ. ಕಡಿಮೆಯಾದರೆ ಶಿಲೀಂಧ್ರ ಗೆಲ್ಲುವ ಭಯ. ಹೆಚ್ಚಾದರೆ ಇಲ್ಲದ್ದು ಕಣ್ಣಿಗೆ ಕಾಣುವ ಭ್ರಮೆ, ಯಕೃತ್ತಿಗೆ ಪೆಟ್ಟು. ಅಳತೆ ತಪ್ಪಿದರೆ ವೈದ್ಯರ ನಿರ್ಧಾರವೂ ತಪ್ಪುತ್ತದೆ. 2021ರಲ್ಲಿ ಕೊರೊನಾದ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ನಮ್ಮ ರಾಜ್ಯದ ಮನೆಗಳನ್ನೂ ಕಾಡಿತು. ಅದಕ್ಕೆ ವೊರಿಕೊನಜೋಲ್ ನಾಟುವುದಿಲ್ಲ. ಆಂಫೊಟೆರಿಸಿನ್ ಮತ್ತು ಪೊಸಕೊನಜೋಲ್ ಬೇಕಾಯಿತು. ಈ ಪೊಸಕೊನಜೋಲಿನ ಮಟ್ಟವನ್ನೂ ರಕ್ತದಲ್ಲಿ ಅಳೆಯುವುದುಂಟು.

ಅಳೆಯುವ ಕ್ರಮ ಹೀಗಿದೆ. ರೋಗಿಯ ರಕ್ತದಿಂದ ಬೇರ್ಪಡಿಸಿದ ತಿಳಿಯಾದ ದ್ರವಕ್ಕೆ, ಮೂರು ಜಲಜನಕಗಳ ಜಾಗದಲ್ಲಿ ಡ್ಯೂಟೀರಿಯಂ ಇರುವ ವೊರಿಕೊನಜೋಲನ್ನು ಗೊತ್ತಾದ ಪ್ರಮಾಣದಲ್ಲಿ ಮೊದಲೇ ಬೆರೆಸುತ್ತಾರೆ. ಇದೇ ಬಣ್ಣ ಹಚ್ಚಿದ ಕುರಿ. ಬಳಿಕ ದ್ರಾವಕ ಹಾಕಿ ಪ್ರೋಟೀನನ್ನು ಗಡ್ಡೆ ಕಟ್ಟಿಸಿ ಬೇರೆ ಮಾಡುತ್ತಾರೆ. ಉಳಿದದ್ದನ್ನು ಕ್ರೊಮ್ಯಾಟೊಗ್ರಫಿಯ ನಳಿಗೆಯಲ್ಲಿ ಹಾಯಿಸಿ, ಅಣುಗಳ ತೂಕ ನೋಡುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಡುತ್ತಾರೆ. ಯಂತ್ರಕ್ಕೆ ಸಾಮಾನ್ಯ ಔಷಧಿ 350 ಎಂಬ ತೂಕದಲ್ಲೂ ಅದರ ಜೋಡಿ 353 ಎಂಬ ತೂಕದಲ್ಲೂ ಕಾಣುತ್ತದೆ. ದಾರಿಯಲ್ಲಿ ಸ್ವಲ್ಪ ಔಷಧಿ ಪಾತ್ರೆಗೆ ಅಂಟಿರಬಹುದು. ರಕ್ತದಲ್ಲಿರುವ ಬೇರೆ ವಸ್ತುಗಳು ಯಂತ್ರದ ಸಂಕೇತವನ್ನು ಅಡಗಿಸಿರಬಹುದು. ಈ ಅಡಚಣೆ ರೋಗಿಯಿಂದ ರೋಗಿಗೆ ಬೇರೆ ಬೇರೆ. ಏನೇ ನಷ್ಟವಾದರೂ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸಮನಾಗಿ ಆಗುತ್ತದೆ. ಪ್ರಮಾಣ ಗೊತ್ತಿರುವ ಮಾದರಿಗಳಿಗೂ ಇದೇ ಜೋಡಿಯನ್ನು ಬೆರೆಸಿ ಅಳೆದು, ಅವುಗಳ ಅನುಪಾತದೊಡನೆ ರೋಗಿಯ ಅನುಪಾತವನ್ನು ಹೋಲಿಸುತ್ತಾರೆ. ಆಗ ರೋಗಿಯ ರಕ್ತದಲ್ಲಿದ್ದ ನಿಜವಾದ ಪ್ರಮಾಣ ಸಿಗುತ್ತದೆ. ಫ್ಲುಕೊನಜೋಲ್, ಇಟ್ರಕೊನಜೋಲ್ ಮೊದಲಾದ ಔಷಧಿಗಳಿಗೂ ಇಂಥ ಡ್ಯೂಟೀರಿಯಂ ಜೋಡಿಗಳಿವೆ.

ಇದರಲ್ಲೂ ಎಚ್ಚರ ಬೇಕು. ಡ್ಯೂಟೀರಿಯಂ ಇಂಗಾಲಕ್ಕೆ ಗಟ್ಟಿಯಾಗಿ ಅಂಟಿಕೊಂಡಿರಬೇಕು. ಆಮ್ಲಜನಕಕ್ಕೋ ಸಾರಜನಕಕ್ಕೋ ಅಂಟಿದ್ದರೆ ಅದು ನೀರಿನ ಜಲಜನಕದೊಂದಿಗೆ ಅದಲುಬದಲಾಗಿ ಗುರುತು ಅಳಿಸಿಹೋಗುತ್ತದೆ. ನಿಸರ್ಗದಲ್ಲಿ ಸ್ವಲ್ಪ ಭಾರದ ಇಂಗಾಲವೂ ಇರುವುದರಿಂದ ಒಂದು ಡ್ಯೂಟೀರಿಯಂ ಸಾಲದು, ಮೂರು ನಾಲ್ಕಾದರೂ ಬೇಕು. ಡ್ಯೂಟೀರಿಯಂ ಹೆಚ್ಚಿದರೆ ಜೋಡಿ ನಳಿಗೆಯಿಂದ ತುಸು ಮುಂಚೆಯೇ ಹೊರಬಂದು ಸರಿಸಾಟಿ ತಪ್ಪಬಹುದು. ಬೆರೆಸುವ ಜೋಡಿಯಲ್ಲಿ ಗುರುತಿಲ್ಲದ ಔಷಧಿ ಉಳಿದಿದ್ದರೆ ಅದೂ ರೋಗಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಕಂಡ ಗೆರೆ ಸುಳ್ಳಿರಬಹುದೆಂದು ಯೂರಿ ತೋರಿದ ಸಂಶಯವನ್ನು ಈ ಪರೀಕ್ಷೆ ಮಾಡುವವರೂ ದಿನವೂ ತೋರಬೇಕಾಗುತ್ತದೆ.

ಯೂರಿ ಅವರ ಜೀವನದಲ್ಲಿ ಕತ್ತಲ ಕಾಲವೂ ಇತ್ತು. ಎರಡನೇ ಮಹಾಯುದ್ಧದಲ್ಲಿ ಅಣುಬಾಂಬಿಗಾಗಿ ಯುರೇನಿಯಂನ ಸಮಸ್ಥಾನಿಗಳನ್ನು ಬೇರ್ಪಡಿಸುವ ಕೆಲಸದ ಹೊಣೆ ಹೊತ್ತರು. ಯುದ್ಧ ಮುಗಿದ ಮೇಲೆ ಪರಮಾಣು ಶಕ್ತಿ ಸೇನೆಯ ಹಿಡಿತದಲ್ಲಿ ಇರಬಾರದೆಂದು ಊರೂರಲ್ಲಿ ಮಾತನಾಡಿದರು. ಬಳಿಕ ಷಿಕಾಗೋದಲ್ಲಿ, ಹಳೆಯ ಚಿಪ್ಪುಗಳಲ್ಲಿನ ಆಮ್ಲಜನಕದ ಸಮಸ್ಥಾನಿಗಳಿಂದ ಲಕ್ಷಾಂತರ ವರ್ಷಗಳ ಹಿಂದಿನ ಸಮುದ್ರದ ಉಷ್ಣತೆಯನ್ನು ಅಳೆಯುವ ದಾರಿ ತೋರಿದರು. 1953ರಲ್ಲಿ ಅವರ ವಿದ್ಯಾರ್ಥಿ ಸ್ಟ್ಯಾನ್ಲಿ ಮಿಲ್ಲರ್, ಆದಿಕಾಲದ ಭೂಮಿಯ ಗಾಳಿಯನ್ನು ಹೋಲುವಂತೆ ಅನಿಲಗಳನ್ನು ಬೆರೆಸಿ ವಿದ್ಯುತ್ ಕಿಡಿ ಹಾಯಿಸಿದಾಗ ಅಮೈನೋ ಆಮ್ಲಗಳು ಹುಟ್ಟಿದವು. ಆಲೋಚನೆಗೆ ಬುನಾದಿ ಗುರುಗಳದೇ. ಆದರೂ ಲೇಖನದಿಂದ ಯೂರಿ ತಮ್ಮ ಹೆಸರನ್ನು ತೆಗೆಸಿದರು. ತಮ್ಮ ಹೆಸರಿದ್ದರೆ ಕೀರ್ತಿಯೆಲ್ಲ ತಮಗೇ ಬಂದು ಹುಡುಗನಿಗೆ ಏನೂ ಉಳಿಯದು ಎಂಬುದು ಅವರ ಲೆಕ್ಕವಾಗಿತ್ತು.

1981ರ ಜನವರಿ 5ರಂದು ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ, ಎಂಬತ್ತೇಳನೇ ವಯಸ್ಸಿನಲ್ಲಿ ಯೂರಿ ತೀರಿಕೊಂಡರು. ಅವರ ಸಮಾಧಿ ಇರುವುದು ತಾವು ಹುಟ್ಟಿ ಬೆಳೆದ ಇಂಡಿಯಾನಾ ರಾಜ್ಯದಲ್ಲೇ. ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರಿದೆ. ಅವರ ಹೆಸರನ್ನೇ ಕೇಳದ ರೋಗಿಗಳಿಗೆ ಮಾತ್ರೆ ಹೆಚ್ಚಿಸಬೇಕೋ ತಗ್ಗಿಸಬೇಕೋ ಎಂದು ವೈದ್ಯರು ತೀರ್ಮಾನಿಸುವಾಗ, ಡ್ಯೂಟೀರಿಯಂ ಇಂದೂ ನೆರವಿಗೆ ಬರುತ್ತಿದೆ. ಮನೆಯ ಕಷ್ಟದಿಂದ ಓದು ನಿಲ್ಲಿಸುವ ಯೋಚನೆಯಲ್ಲಿರುವ ವಿದ್ಯಾರ್ಥಿ ಯಾರಾದರೂ ನಮ್ಮ ಶಾಲೆಯಲ್ಲಿದ್ದರೆ, ಗುಡಾರದಲ್ಲಿ ಮಲಗಿ ಓದಿದ ಈ ಮೇಷ್ಟ್ರ ಕತೆಯನ್ನು ಶಿಕ್ಷಕ ಮಿತ್ರರು ಅವರಿಗೆ ಹೇಳಲಿ. ಓದಿಗೆ ಬೇಕಾದ ನೆರವನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಕೊಡೋಣ.