ಬಜ್ಪೆಯ ಪದವಿಗೆ ವಿಮಾನ ತಂದ ಶ್ರೀನಿವಾಸ ಮಲ್ಯ

ಸ್ವಾತಂತ್ರ್ಯ ಬಂದಾಗ ಮಂಗಳೂರು ಮದರಾಸು ಪ್ರಾಂತದ ಒಂದು ಮೂಲೆ. ರೈಲು ಇತ್ತಾದರೂ ಕೇರಳವನ್ನು ಸುತ್ತಿ ಮದರಾಸಿಗೆ ಹೋಗುತ್ತಿತ್ತು. ಮುಂಬಯಿಗೆ ಹಡಗೇ ಗತಿ. ಮಳೆಗಾಲದಲ್ಲಿ ಅಳಿವೆಯ ಮರಳುದಿಣ್ಣೆ ಅದಕ್ಕೂ ಅಡ್ಡಿ. ಈ ಒಂಟಿತನವನ್ನು ಮುರಿಯಲು ದೆಹಲಿಯಲ್ಲಿ ಪಟ್ಟು ಹಿಡಿದವರು ಉಳ್ಳಾಲ ಶ್ರೀನಿವಾಸ ಮಲ್ಯ.

1902ರ ನವೆಂಬರ್ 21ರಂದು ಜನಿಸಿದ ಮಲ್ಯರು ಓದು ತೊರೆದು ಸ್ವಾತಂತ್ರ್ಯ ಚಳವಳಿಗೆ ಧುಮುಕಿದವರು. ಸಂವಿಧಾನ ರಚನಾ ಸಭೆಯಿಂದ ಮೂರನೆಯ ಲೋಕಸಭೆಯವರೆಗೆ ಸದಸ್ಯರಾಗಿದ್ದ ಅವರು ಕೇಂದ್ರದಲ್ಲಿ ತಮಗಿದ್ದ ಪ್ರಭಾವವನ್ನೆಲ್ಲ ಜಿಲ್ಲೆಗಾಗಿ ವ್ಯಯಿಸಿದರು ಎನ್ನಬಹುದು.

ವಿಮಾನ ನಿಲ್ದಾಣವೇನೋ ಬೇಕು; ಆದರೆ ಎಲ್ಲಿ? ಘಟ್ಟಕ್ಕೂ ಕಡಲಿಗೂ ನಡುವಿನ ಈ ಪಟ್ಟಿಯಲ್ಲಿ ಸಮತಟ್ಟು ನೆಲವೆಂದರೆ ಬೈಲುಗದ್ದೆ, ತೆಂಗಿನ ತೋಟ. ಅದನ್ನು ಕಿತ್ತುಕೊಂಡರೆ ರೈತನ ಅನ್ನಕ್ಕೇ ಕಲ್ಲು. ಮೇಲಾಗಿ ನೇತ್ರಾವತಿ, ಗುರುಪುರ ನದಿಗಳ ನೆರೆಯ ಭಯ. ಉಳಿದದ್ದು ಮುರಕಲ್ಲಿನ ಪದವುಗಳು: ಬೆಳೆಗೆ ಬಡವಾದರೂ ನೀರು ನಿಲ್ಲದ ಗಟ್ಟಿ ನೆಲ. ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಬಜ್ಪೆಯಲ್ಲಿ ನಿಲ್ದಾಣ ತಲೆಯೆತ್ತಿತು. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಇಲ್ಲಿ ಬಂದಿಳಿದರು.

ಈ ಆಯ್ಕೆಗೆ ಬೆಲೆಯೂ ಇತ್ತು. ಪದವು ಮುಗಿದಲ್ಲಿ ಕಂದರ. ಮೊದಲ ರನ್‌ವೇ ಸುಮಾರು 1,600 ಮೀಟರ್ ಮಾತ್ರ. ಅಂದಿನ ಸಣ್ಣ ವಿಮಾನಗಳಿಗೆ ಅದು ಸಾಕಿತ್ತು. 1981ರಲ್ಲಿ ಅವ್ರೋ ವಿಮಾನವೊಂದು ರನ್‌ವೇ ದಾಟಿ ಅಂಚಿನಲ್ಲಿ ನಿಂತಿತು; ಸಾವು ಸಂಭವಿಸಲಿಲ್ಲ. 2006ರಲ್ಲಿ 2,450 ಮೀಟರಿನ ಎರಡನೆಯ ರನ್‌ವೇ ಬಂದಿತು, ಅದೂ ಗುಡ್ಡದ ಮೇಲೆಯೇ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅದನ್ನು ಮೀರಿ ಕಂದರಕ್ಕೆ ಉರುಳಿ 158 ಮಂದಿ ಮಡಿದರು. ಜೆಟ್ ಯುಗದ ಈ ದುರಂತಕ್ಕೆ 1951ರ ತೀರ್ಮಾನವನ್ನು ಹೊಣೆಯಾಗಿಸುವುದು ನ್ಯಾಯವಲ್ಲ.

ಮಲ್ಯರು ಅಷ್ಟಕ್ಕೇ ನಿಲ್ಲಲಿಲ್ಲ. 1960ರಲ್ಲಿ ಸುರತ್ಕಲ್ಲಿನಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಕರಾವಳಿ ಹೆದ್ದಾರಿಗೂ ಅವರ ಒತ್ತಾಸೆಯಿತ್ತು. ಪಣಂಬೂರಿನ ಸರ್ವಋತು ಬಂದರು ಅವರ ದೊಡ್ಡ ಹಂಬಲ. ಅದಕ್ಕಾಗಿ ಮನೆಮಠ ಬಿಟ್ಟ ಕುಟುಂಬಗಳು ಕಾಟಿಪಳ್ಳಕ್ಕೆ ತೆರಳಬೇಕಾಯಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದರನ್ನು ಉದ್ಘಾಟಿಸಿದಾಗ ಮಲ್ಯರು ಇರಲಿಲ್ಲ. 1965ರ ಡಿಸೆಂಬರ್ 19ರಂದೇ ಅವರು ಕಣ್ಮುಚ್ಚಿದ್ದರು.