ವಿಲಿಯಂ ಹರ್ಷೆಲ್ ಮತ್ತು ಕಾಣದ ಬೆಳಕು

ಬೇಸಗೆಯ ಅಮಾವಾಸ್ಯೆಯಿರುಳು ನಮ್ಮ ಬಿಳಿಗೆರೆಯ ಬಯಲಲ್ಲಿ ನಿಂತು ವೃಶ್ಚಿಕರಾಶಿಯ ಕಡೆ ಆಕಾಶಗಂಗೆಯನ್ನು ನೋಡಿದರೆ ನಡುನಡುವೆ ಕಪ್ಪು ಕಲೆಗಳು ಕಾಣುತ್ತವೆ. ಇಂತಹ ನಕ್ಷತ್ರಹೀನ ಎಡೆಗಳನ್ನು ದೂರದರ್ಶಕದಿಂದ ಕಂಡು ಬೆರಗಾದವರಲ್ಲಿ ವಿಲಿಯಂ ಹರ್ಷೆಲನು ಪ್ರಮುಖನು.

ಆತನ ಜನನ 1738ರ ನವೆಂಬರ್ 15ರಂದು, ಜರ್ಮನಿಯ ಹ್ಯಾನೋವರಿನಲ್ಲಿ. ಸೈನ್ಯದ ವಾದ್ಯಮೇಳದಲ್ಲಿದ್ದ ತಂದೆಯ ವೃತ್ತಿಯನ್ನೇ ಹಿಡಿದು, 1757ರಲ್ಲಿ ಇಂಗ್ಲೆಂಡಿಗೆ ತೆರಳಿ, ಮುಂದೆ ಬಾತ್ ಪಟ್ಟಣದಲ್ಲಿ ಆರ್ಗನ್ ವಾದಕನಾದನು. ಖಗೋಳವಿದ್ಯೆಯನ್ನು ಯಾವ ವಿದ್ಯಾಪೀಠದಲ್ಲಿಯೂ ಕಲಿತವನಲ್ಲ. ಹಗಲು ಸಂಗೀತಪಾಠ, ಇರುಳು ನಕ್ಷತ್ರವೀಕ್ಷಣೆ. ತಾಮ್ರ ತವರಗಳನ್ನು ಕರಗಿಸಿ ಕನ್ನಡಿಗಳನ್ನು ತಾನೇ ಎರಕ ಹೊಯ್ದು ಉಜ್ಜಿದನು. ಒಮ್ಮೆ ಹದಿನಾರು ಗಂಟೆಗಳ ಕಾಲ ಕೈತೆಗೆಯದೆ ಉಜ್ಜುತ್ತಿದ್ದಾಗ ತಂಗಿ ಕ್ಯಾರೊಲಿನ್ ಅವನ ಬಾಯಿಗೆ ತುತ್ತಿಟ್ಟಳು. ಈ ತಂಗಿಯನ್ನು ಮರೆತು ಅಣ್ಣನ ಚರಿತ್ರೆಯನ್ನು ಹೇಳುವುದು ಅನ್ಯಾಯ. ಎಂಟು ಧೂಮಕೇತುಗಳನ್ನು ಕಂಡುಹಿಡಿದ ವಿದುಷಿ ಆಕೆ.

1781ರ ಮಾರ್ಚ್ 13ರಂದು ಯುರೇನಸ್ ಗ್ರಹವನ್ನು ಕಂಡು ಹರ್ಷೆಲನು ಜಗದ್ವಿಖ್ಯಾತನಾದನು. ನಮ್ಮ ಜ್ಯೋತಿಷಿಗಳಲ್ಲಿ ಕೆಲವರು ಅದನ್ನು ಹರ್ಷಲವೆಂದೇ ಕರೆಯುವುದುಂಟು. 1977ರಲ್ಲಿ ಆ ಗ್ರಹದ ಉಂಗುರಗಳ ಸುಳಿವು ಪಡೆದವರಲ್ಲಿ ಬೆಂಗಳೂರಿನ ಖಭೌತ ಸಂಸ್ಥೆಗೆ ಸೇರಿದ ಕಾವಲೂರು ವೇಧಶಾಲೆಯವರೂ ಇದ್ದರು.

ಆದರೆ ನನ್ನ ಎಣಿಕೆಯಲ್ಲಿ ಅದಕ್ಕಿಂತ ಹಿರಿದಾದುದು 1800ರ ಶೋಧ. ಸೂರ್ಯನನ್ನು ನೋಡಲು ಬಣ್ಣದ ಗಾಜುಗಳನ್ನು ಪರೀಕ್ಷಿಸುತ್ತಿದ್ದಾಗ, ಒಂದೊಂದು ಗಾಜಿನಲ್ಲಿ ಒಂದೊಂದು ಪ್ರಮಾಣದ ಕಾವು ಬರುವುದನ್ನು ಆತನು ಗಮನಿಸಿದನು. ಬಿಸಿಲನ್ನು ಗಾಜಿನ ಪಟ್ಟಕದಿಂದ ಬಣ್ಣಗಳಾಗಿ ಬಿಡಿಸಿ, ಒಂದೊಂದರಲ್ಲಿಯೂ ಉಷ್ಣಮಾಪಕವನ್ನಿರಿಸಿದನು. ನೇರಿಳೆಗಿಂತ ಕೆಂಪಿನಲ್ಲಿ ಕಾವು ಹೆಚ್ಚು. ಕೆಂಪು ಮುಗಿದು ಕಣ್ಣಿಗೆ ಏನೂ ಕಾಣದ ಎಡೆಯಲ್ಲಿ ಇನ್ನೂ ಹೆಚ್ಚು! ಇದೇ ಅವಕೆಂಪು ಕಿರಣ.

ಆಕಾಶದ ಕಪ್ಪು ಎಡೆಗಳನ್ನು ಮಾತ್ರ ಆತನು ಬರಿಯ ರಂಧ್ರಗಳೆಂದೇ ಬಗೆದನು. ಅವು ಶೂನ್ಯವಲ್ಲ, ಧೂಳಿನ ಮೋಡಗಳು. ಧೂಳು ನಕ್ಷತ್ರಗಳ ಬೆಳಕನ್ನು ನುಂಗಿ ಕಾದು, ಆ ಕಾವನ್ನು ಅವಕೆಂಪಾಗಿ ಹೊರಸೂಸುತ್ತದೆ; ಒಲೆಯ ಉರಿ ಕಾಣದಿದ್ದರೂ ಪಕ್ಕದ ಗೋಡೆ ಬಿಸಿ ಸೂಸುವಂತೆ. ತಾನು ಕಂಡ ಕತ್ತಲೆಗೂ ತಾನೇ ಕಂಡ ಕಿರಣಕ್ಕೂ ಇದ್ದ ಈ ನಂಟನ್ನು ಅರಿಯದೆಯೇ ಹರ್ಷೆಲನು 1822ರ ಆಗಸ್ಟ್ 25ರಂದು ತೀರಿಕೊಂಡನು.

2009ರಲ್ಲಿ ಯೂರೋಪಿನವರು 3.5 ಮೀಟರ್ ಕನ್ನಡಿಯ ಅವಕೆಂಪು ದೂರದರ್ಶಕವೊಂದನ್ನು ಅವನ ಹೆಸರಿನಲ್ಲಿ ಅಂತರಿಕ್ಷಕ್ಕೆ ಕಳುಹಿದರು. ಕಪ್ಪುಕುಳಿಗೆ ಬೀಳುವ ದ್ರವ್ಯ ಕಾದು ಹೊಳೆಯುವ ಗೆಲಕ್ಸಿಗಳ ಒಡಲೇ ಕ್ವೇಸಾರ್. 1200 ಕೋಟಿ ವರ್ಷಗಳಿಗೂ ಹಿಂದೆ ಅಂತಹ ಗೆಲಕ್ಸಿಗಳ ಧೂಳಿನಿಂದ ಹೊರಟ ಕಾವನ್ನು ಅದು ಅಳೆಯಿತು. ಉಪಕರಣಗಳನ್ನು ತಂಪಾಗಿಡುತ್ತಿದ್ದ ಹೀಲಿಯಂ 2013ರ ಏಪ್ರಿಲ್‌ನಲ್ಲಿ ಬತ್ತಿ ಅದರ ಕಾರ್ಯ ನಿಂತಿತು. ಧೂಳು ಹುಟ್ಟುವುದು ಬಹುಮಟ್ಟಿಗೆ ನಕ್ಷತ್ರಗಳ ಅಂತ್ಯಕಾಲದಲ್ಲಿ. ವಿಶ್ವವೇ ಎಳೆಯದಾಗಿದ್ದಾಗ ಅಷ್ಟೊಂದು ಧೂಳು ಎಲ್ಲಿಂದ ಬಂದಿತೆಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೆದಿದೆ.